ತಡೀರಿ ಮೇಸ್ತ್ರಿಯ ಎರಡನೇ ವಿದ್ಯೆ

ನನ್ನ ಸೋದರಮಾವನಿಗೆ ಜನ ಇಟ್ಟ ಹೆಸರು ಎರಡು. ಮೊದಲಿನದು ಮಿಂಚು ಮೇಸ್ತ್ರಿ. ಈಗ ಎಲ್ಲರ ಬಾಯಲ್ಲಿರುವುದು ತಡೀರಿ ಮೇಸ್ತ್ರಿ. ಒಂದು ಹೆಸರು ಹೋಗಿ ಇನ್ನೊಂದು ಬರಲು ಸುಮಾರು ಒಂದೂವರೆ ವರ್ಷ ಹಿಡಿಯಿತು. ಆಗ ನಾನು ಕಾಲೇಜು ಓದಲು ಅವರ ಮನೆಯಲ್ಲೇ ಇದ್ದೆ. ಹಾಗಾಗಿ ಕೇಳಿದ್ದನ್ನು ಹೇಳುತ್ತಿಲ್ಲ, ಕಂಡದ್ದನ್ನು ಹೇಳುತ್ತಿದ್ದೇನೆ.

ಕೆಳಗೆ ಗ್ಯಾರೇಜು, ಮೇಲೆ ಮನೆ. ಗ್ಯಾರೇಜಿಗೆ ತಗಡಿನ ಮಾಡು. ನೆಲದಲ್ಲಿ ಕಾರಿನ ಅಡಿಗೆ ಇಳಿದು ನಿಲ್ಲಲು ತೋಡಿದ ಗುಂಡಿ. ಗೋಡೆಯ ಹಲಗೆಗೆ ಸ್ಪ್ಯಾನರುಗಳನ್ನು ತೂಗುಹಾಕಿದ್ದರು. ಪ್ರತಿಯೊಂದರ ಹಿಂದೆ ಅದರದೇ ಆಕಾರವನ್ನು ಬಿಳಿ ಬಣ್ಣದಲ್ಲಿ ಬರೆದಿದ್ದರಿಂದ ಯಾವುದು ಇಲ್ಲ ಎಂದು ಬಾಗಿಲಲ್ಲೇ ತಿಳಿಯುತ್ತಿತ್ತು. ಮೆಟ್ಟಿಲು ಹತ್ತಿದರೆ ಮುಂದಿನ ಕೋಣೆ. ಅಲ್ಲಿ ಕಿಟಕಿಯ ಪಕ್ಕ ಅತ್ತೆಯ ಹೊಲಿಗೆ ಮಿಷನ್ನು. ಕೆಳಗಿನಿಂದ ಎಂಜಿನ್ನಿನ ಸದ್ದು, ಮೇಲೆ ಮಿಷನ್ನಿನ ಸದ್ದು. "ಈ ಮನೇಲಿ ಸುಮ್ನೆ ಇರೋದು ಗೋಡೆ ಗಡಿಯಾರ ಒಂದೇ, ಅದೂ ಕೆಟ್ಟಿರೋದ್ರಿಂದ" ಎನ್ನುತ್ತಿದ್ದಳು ಅತ್ತೆ.

ಮಾವನ ಮಿಂಚಿನ ಕಾಲ ನೋಡಲು ಚೆನ್ನಾಗಿತ್ತು. ಕಾರು ಗೇಟಿನೊಳಗೆ ಬಂದು ನಿಲ್ಲುವಷ್ಟರಲ್ಲಿ ಅವನಿಗೆ ಕಾಯಿಲೆ ಗೊತ್ತಾಗಿರುತ್ತಿತ್ತು. "ಮೇಸ್ತ್ರಿ, ಗಾಡಿ ಸ್ವಲ್ಪ..." ಎಂದು ಯಜಮಾನರು ಶುರು ಮಾಡಿದರೆ, "ಒಂದು ಸಿಲಿಂಡರ್ ಮಲಗಿದೆ, ಇಳೀರಿ" ಎನ್ನುತ್ತಿದ್ದ. ಬಾನೆಟ್ ಎತ್ತಿ ಓಡುತ್ತಿರುವ ಎಂಜಿನ್ನಿನ ಪ್ಲಗ್ ವೈರುಗಳನ್ನು ಒಂದೊಂದಾಗಿ ಕೀಳುತ್ತಿದ್ದ. ಕಿತ್ತಾಗ ಎಂಜಿನ್ ತಡವರಿಸಿದರೆ ಆ ಸಿಲಿಂಡರ್ ಎದ್ದಿದೆ ಎಂದು ಅರ್ಥ. ಕಿತ್ತರೂ ಸದ್ದು ಬದಲಾಗದಿದ್ದರೆ ಅದೇ ಕಳ್ಳ. ಹೊಗೆ ನೀಲಿಯಾಗಿದ್ದರೆ ಎಣ್ಣೆ ಸುಡುತ್ತಿದೆ, ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಬಿಳಿಯಾಗಿದ್ದು ನಿಲ್ಲದಿದ್ದರೆ ನೀರು ಒಳಗೆ ಹೋಗುತ್ತಿದೆ. ಎಲ್ಲ ಅವನಿಗೆ ಅಂಗೈ ಗೆರೆ. ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಅವನಿಗೂ ಅದು ಸ್ವಲ್ಪ ತಲೆಗೇರಿತ್ತು ಎಂದು ಹೇಳಿದರೆ ತಪ್ಪಾಗಲಾರದು.

ಆ ಕಾಲದಲ್ಲಿ ನಮ್ಮ ಕಡೆ ತಾನಾಗಿ ಗೇರು ಬದಲಿಸುವ ಕಾರುಗಳು ಬೆರಳೆಣಿಕೆಯಷ್ಟು. ಅಂಥದ್ದೊಂದು ಪಕ್ಕದ ಬೀದಿಯ ಸ್ಟುಡಿಯೋ ಫೋಟೋಗ್ರಾಫರ್ ಬಳಿ ಇತ್ತು. ಅವರ ಎಡಗಾಲು ಹುಟ್ಟಿನಿಂದಲೇ ಸೋತದ್ದು, ಕ್ಲಚ್ ತುಳಿಯಲಾಗದು. ಆ ಕಾರು ಅವರಿಗೆ ಶೋಕಿಯಲ್ಲ, ಕಾಲೇ ಆಗಿತ್ತು. ಒಂದು ದಿನ ಎಂಜಿನ್ ಕೂಗಿದರೂ ಗಾಡಿ ಮುಂದೆ ಹೋಗದಾಯಿತು. ಅವರು ನಾಲ್ಕು ಜನರಿಂದ ತಳ್ಳಿಸಿಕೊಂಡು ಬಂದರು. ಮಾವ ಗೇರ್ ಲಿವರನ್ನು ಹಿಂದೆ ಮುಂದೆ ಎರಡು ಸಲ ಎಳೆದ, ಆಕ್ಸಿಲರೇಟರ್ ಒಂದು ಸಲ ಒತ್ತಿದ, ಇಳಿದ.

"ಗೇರ್‌ಬಾಕ್ಸ್ ಒಳಗಡೆ ಸುಟ್ಟು ಹೋಗಿದೆ ಸಾರ್. ಇದಕ್ಕೆ ಸಾಮಾನೂ ಸಿಗಲ್ಲ, ಮಾಡೋರೂ ಇಲ್ಲ. ಬಂದಷ್ಟಕ್ಕೆ ಕೊಟ್ಬಿಡಿ."

ಎರಡೇ ನಿಮಿಷ. ಅವರು ಆ ಮಾತು ನಂಬಿ ಕಾರನ್ನು ಗುಜರಿಯವನಿಗೆ ಕೊಟ್ಟುಬಿಟ್ಟರು.

ಹತ್ತು ದಿನದ ಮೇಲೆ ಅದೇ ಕಾರು ಗ್ಯಾರೇಜಿನ ಮುಂದೆ ಬೆಣ್ಣೆಯಿಂದ ಕೂದಲು ತೆಗೆದಂತೆ ಸಲೀಸಾಗಿ ಹಾದುಹೋಯಿತು. ಓಡಿಸುತ್ತಿದ್ದವನು ಗುಜರಿಯವನು. ಮಾವ ಕೈಯಲ್ಲಿದ್ದ ಚಹಾ ಲೋಟವನ್ನು ಅಲ್ಲೇ ಇಟ್ಟು ಸೈಕಲ್ ಹತ್ತಿ ಹಿಂದೆ ಹೋದ. ಗುಜರಿಯವನು ಮುಚ್ಚುಮರೆಯಿಲ್ಲದೆ ಹೇಳಿದನಂತೆ: "ಗೇರ್ ಎಣ್ಣೆ ತಣ್ಣಗಾಗೋಕೆ ರೇಡಿಯೇಟರಿಗೆ ಒಂದು ಪೈಪ್ ಹೋಗುತ್ತಲ್ಲ ಮೇಸ್ತ್ರಿ, ಅದು ಬಿರುಕು ಬಿಟ್ಟಿತ್ತು. ಎಣ್ಣೆ ಎಲ್ಲಾ ಸೋರಿಹೋಗಿತ್ತು. ಪೈಪ್ ಹಾಕ್ದೆ, ಎಣ್ಣೆ ತುಂಬಿದೆ, ಹೊರಟಿತು. ನಿಮಗೆ ಗೊತ್ತಿರ್ಲಿಲ್ವಾ?"

ಮಾವ ಸೈಕಲ್ ತಳ್ಳಿಕೊಂಡೇ ಹಿಂದಿರುಗಿದ. ಮನೆಗೆ ಬರಲಿಲ್ಲ, ನೇರ ಸ್ಟುಡಿಯೋಗೆ ಹೋದ. ನಾನು ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಸಲು ಅಲ್ಲೇ ಕುಳಿತಿದ್ದೆ. ಕಪ್ಪು ಪರದೆಯ ಮುಂದೆ ನಿಂತು ಅವನು ಎಲ್ಲವನ್ನೂ ಒಪ್ಪಿಸಿದ. ಫೋಟೋಗ್ರಾಫರ್ ಕೂಗಾಡಲಿಲ್ಲ. ಲೆನ್ಸ್ ಒರೆಸುತ್ತಲೇ ಹೇಳಿದರು:

"ನಾನೂ ಎಷ್ಟೋ ಜನ ಕಣ್ಣು ಮುಚ್ಚಿದಾಗ ಫೋಟೋ ತೆಗೆದುಬಿಟ್ಟಿದೀನಿ ಮೇಸ್ತ್ರಿ. ಆತುರದಲ್ಲಿ ಆಗುತ್ತೆ. ಏನಂದ್ರೆ, ಅವರನ್ನ ಮತ್ತೆ ಕೂರಿಸಿ ಇನ್ನೊಂದು ತೆಗೀಬಹುದು."

ಮಾವನಿಗೆ ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆ ವಾರವೇ ಅವನು ಗುಜರಿಯವನ ಕೈಕಾಲು ಹಿಡಿದು, ಗ್ಯಾರೇಜಿನ ಮೂಲೆಯಲ್ಲಿದ್ದ ತನ್ನ ಸ್ವಂತ ಕಾರನ್ನು ಅವನಿಗೆ ಬಿಟ್ಟುಕೊಟ್ಟು, ಆ ಕಾರನ್ನು ಫೋಟೋಗ್ರಾಫರ್ ಮನೆಬಾಗಿಲಿಗೆ ತಂದು ನಿಲ್ಲಿಸಿದ. ಅದರ ಜೊತೆಗೇ ಗುಜರಿಯಿಂದ ಇನ್ನೊಂದು ಸಾಮಾನೂ ಬಂತು. ಯಾವುದೋ ಅಪಘಾತದಲ್ಲಿ ಜಖಂ ಆದ ಕಾರಿನಿಂದ ಕಳಚಿದ, ಸತ್ತುಹೋದ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಇಬ್ಬರು ಹೊತ್ತು ಮೆಟ್ಟಿಲು ಹತ್ತಿಸಿ ಮುಂದಿನ ಕೋಣೆಯಲ್ಲಿ ಇಳಿಸಿದರು.

"ಇದು ಮನೆ ಕಣ್ರೀ" ಅಂದಳು ಅತ್ತೆ.

"ಗ್ಯಾರೇಜಲ್ಲಿ ಧೂಳು ಕಣೇ. ಇದರೊಳಗಿನ ದಾರಿಗಳು ಕೂದಲೆಳೆಯಷ್ಟು. ಒಂದು ಕಣ ಸಿಕ್ಕಿಕೊಂಡ್ರೂ ಕೆಲಸ ಕೆಟ್ಟಿತು."

"ಅಂದ್ರೆ ನಿಮ್ಮ ಗ್ಯಾರೇಜಿಗಿಂತ ನನ್ನ ಮನೆ ಚೊಕ್ಕಟ ಅಂತ ಇಪ್ಪತ್ತಾರು ವರ್ಷ ಆದ್ಮೇಲೆ ಒಪ್ಕೊಂಡ್ರಿ. ಇಟ್ಕೊಳ್ಳಿ ಹಾಗಾದ್ರೆ."

ಐವತ್ತೆರಡನೇ ವಯಸ್ಸಿನಲ್ಲಿ ಮಾವ ಎರಡನೇ ಸಲ ವಿದ್ಯೆಗೆ ಕೂತದ್ದು ಹೀಗೆ.

ಮೊದಲ ಕಷ್ಟ ಪುಸ್ತಕದ್ದು. ಹಳೆಯ ಮ್ಯಾನುಯಲ್ ಒಂದು ಎಲ್ಲಿಂದಲೋ ಸಿಕ್ಕಿತು, ಇಂಗ್ಲಿಷಿನಲ್ಲಿತ್ತು. ಅದನ್ನು ಓದಿ ಹೇಳುವ ಕೆಲಸ ನನಗೆ ಬಂತು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ ಇಲ್ಲ, ಎಣ್ಣೆ ತುಂಬಿದ ಒಂದು ಗಡಿಗೆ ಇದೆ, ಅದರೊಳಗೆ ಎದುರುಬದುರು ಎರಡು ಚಕ್ರಗಳಿವೆ, ಒಂದಕ್ಕೊಂದು ಮುಟ್ಟುವುದಿಲ್ಲ ಎಂದು ಓದಿದೆ. "ಮುಟ್ಟದೆ ಹೇಗೆ ತಿರುಗಿಸುತ್ತೆ?" ಎಂದ ಮಾವ. ಮತ್ತೆ ಓದಿದೆ. ಅದೇ ವಾಕ್ಯ, ಅದೇ ಕತ್ತಲೆ. ಇಬ್ಬರೂ ಕಕ್ಕಾಬಿಕ್ಕಿಯಾಗಿ ಕುಳಿತಿದ್ದಾಗ ಅತ್ತೆ ಎದ್ದುಹೋಗಿ ಒಳಗಿನ ಟೇಬಲ್ ಫ್ಯಾನ್ ತಂದು, ಮುಂದಿನ ಕೋಣೆಯ ಫ್ಯಾನಿಗೆ ಮುಖ ಕೊಟ್ಟು ಇಟ್ಟಳು. ಒಂದನ್ನು ಮಾತ್ರ ಹಾಕಿದಳು. ಅದರ ಗಾಳಿ ತಾಗಿ, ವೈರನ್ನು ಪ್ಲಗ್ಗಿಗೇ ಸಿಕ್ಕಿಸದ ಎರಡನೆಯ ಫ್ಯಾನು ಮೆಲ್ಲಗೆ ಅಲುಗಿತು, ಯೋಚನೆ ಮಾಡಿದಂತೆ ಒಂದು ಸುತ್ತು ಬಂತು, ಆಮೇಲೆ ತಿರುಗತೊಡಗಿತು.

"ಹೊಲಿಯುವಾಗ ಎರಡೂ ಫ್ಯಾನ್ ಎದುರುಬದುರಾದ್ರೆ ಹೀಗೇ ಆಗುತ್ತೆ, ನಾನು ದಿನಾ ನೋಡ್ತೀನಿ" ಅಂದಳು.

ಮಾವ ಆ ಎರಡು ಫ್ಯಾನುಗಳ ಮುಂದೆ ಅದೆಷ್ಟು ಹೊತ್ತು ಕುಳಿತನೋ. ಗಾಳಿಯ ಜಾಗದಲ್ಲಿ ಎಣ್ಣೆ ಇಟ್ಟುಕೊಂಡರೆ ಅರ್ಥವಾಯಿತು. ಸಿಗ್ನಲ್ಲಿನಲ್ಲಿ ಕಾರು ನಿಂತರೂ ಎಂಜಿನ್ ಯಾಕೆ ಆರುವುದಿಲ್ಲ ಎಂಬುದೂ ಅದರ ಜೊತೆಗೇ ತಿಳಿಯಿತು. ಅವನ ಮುಖ ಚಿಕ್ಕ ಮಗುವಿನದಾಗಿತ್ತು.

ಆಮೇಲೆ ಬಿಚ್ಚುವ ಕೆಲಸ. ಮಿಂಚು ಮೇಸ್ತ್ರಿಯ ಆತುರ ಅಲ್ಲಿ ನಡೆಯಲಿಲ್ಲ. ಅತ್ತೆ ಹಳೆಯ ಬಿಳಿ ಹೊದಿಕೆಯನ್ನು ನೆಲಕ್ಕೆ ಹಾಸಿ, ಹೊರಬಂದ ಪ್ರತಿ ಭಾಗವನ್ನೂ ಅದರ ಮೇಲಿಟ್ಟು, ಬಟ್ಟೆ ಕತ್ತರಿಸುವವರು ಗೆರೆ ಎಳೆಯುವ ಬಳಪದಿಂದ ಸುತ್ತ ಗೆರೆ ಹಾಕಿ ನಂಬರು ಬರೆದಳು. ಕೆಲಸಕ್ಕೆ ದಿನಕ್ಕೆ ಒಂದು ಗಂಟೆ, ಬೆಳಗಿನ ಚಹಾ ಆದಮೇಲೆ. ಗ್ಯಾರೇಜಿಗೆ ಬಂದವರು ಕೆಳಗಿನಿಂದ ಕೂಗಿದರೆ ಮಾವ ಕಿಟಕಿಯಿಂದ "ತಡೀರಿ!" ಎಂದು ಉತ್ತರಿಸುತ್ತಿದ್ದ. ಹೊಸ ಹೆಸರು ಹುಟ್ಟಿದ್ದು ಆ ಕಿಟಕಿಯಲ್ಲಿ.

ಐದನೇ ತಿಂಗಳಿನಲ್ಲಿ ಅದರ ಮಿದುಳು ಹೊರಬಂತು. ಮಣೆಯಷ್ಟು ಅಗಲದ ಅಲ್ಯೂಮಿನಿಯಂ ಹಲಗೆ. ಅದರ ತುಂಬ ಹುಳು ಕೊರೆದ ಮರದ ಹಾಗೆ ತಿರುವು ಮುರುವು ಕಾಲುವೆಗಳು. ಕಾಲುವೆಗಳ ನಡುವೆ ಪೆನ್ಸಿಲ್ ದಪ್ಪದ ಪುಟ್ಟ ಕವಾಟಗಳು, ಅವಕ್ಕೆ ಸ್ಪ್ರಿಂಗುಗಳು, ಅಲ್ಲಲ್ಲಿ ಮೆಣಸಿನ ಕಾಳಿನಷ್ಟು ಉಕ್ಕಿನ ಗುಂಡುಗಳು. ಗುಂಡು ಏಳು ಇರಬೇಕೆಂದು ಪುಸ್ತಕ ಹೇಳಿತು, ಹೊದಿಕೆಯ ಮೇಲೆ ಆರೇ ಇದ್ದವು. ಮನೆ ಗುಡಿಸಿದ್ದಾಯಿತು, ಮಂಚ ಎತ್ತಿದ್ದಾಯಿತು, ಮಾವ ತನ್ನ ಜೇಬನ್ನು ಮೂರು ಸಲ ತಿರುವಿದ್ದಾಯಿತು. ಮೂರನೇ ದಿನ ಒಬ್ಬ ಹೆಂಗಸಿನ ರವಿಕೆಗೆ ಗುಂಡಿ ಹುಡುಕುತ್ತ ಅತ್ತೆ ತನ್ನ ಗುಂಡಿ ಡಬ್ಬಿಯನ್ನು ಬೋರಲು ಹಾಕಿದಳು. ಉಕ್ಕಿನ ಗುಂಡು ಬಟ್ಟೆಯ ಗುಂಡಿಗಳ ನಡುವೆ ಹಾಯಾಗಿ ಕುಳಿತಿತ್ತು. ಕಸದಲ್ಲಿ ಸಿಕ್ಕ ಮಣಿ ಎಂದು ಅವಳೇ ಎತ್ತಿಟ್ಟಿದ್ದಳು. "ಗುಂಡಿಗೆ ಗುಂಡು ಸೇರಿದೆ, ಅದರಲ್ಲೇನು ತಪ್ಪು?" ಎಂದು ಜೋರು ಮಾಡಿದಳು. ಮಾವನಿಗೆ ನಗು ತಡೆಯಲಾಗಲಿಲ್ಲ.

ಆ ಹಲಗೆಯ ಕಾಲುವೆಗಳನ್ನು ನಾನು ಕಾಗದದಲ್ಲಿ ಬರೆದುಕೊಟ್ಟೆ. ಮಾವ ಬಣ್ಣದ ಪೆನ್ಸಿಲಿನಿಂದ ಎಣ್ಣೆ ಹೋಗುವ ದಾರಿಯನ್ನು ಒಂದೊಂದಾಗಿ ತುಂಬುತ್ತ ಬಂದ. ಒಂದು ಬೆಳಿಗ್ಗೆ ನನ್ನನ್ನು ಕರೆದು ಹತ್ತಿರ ಕೂರಿಸಿಕೊಂಡ.

"ಇಲ್ಲಿ ನೋಡು. ಈ ಕವಾಟಕ್ಕೆ ಒಂದು ಕಡೆಯಿಂದ ಗಾಡಿಯ ವೇಗ ಎಣ್ಣೆಯಾಗಿ ಬಂದು ತಳ್ಳುತ್ತೆ. ಇನ್ನೊಂದು ಕಡೆಯಿಂದ ಓಡಿಸೋರ ಕಾಲು ಎಣ್ಣೆಯಾಗಿ ಬಂದು ತಳ್ಳುತ್ತೆ. ವೇಗ ಗೆದ್ರೆ ಮುಂದಿನ ಗೇರು. ಕಾಲು ಗೆದ್ರೆ ಹಿಂದಿನ ಗೇರು. ಅಷ್ಟೇ! ಇದರಲ್ಲಿ ಕರೆಂಟಿಲ್ಲ, ಕಂಪ್ಯೂಟರಿಲ್ಲ. ಎಣ್ಣೆ ತಾನೇ ಯೋಚನೆ ಮಾಡುತ್ತೆ."

ನಾನು ಕಾಗದದ ಮೇಲೆ ಆ ದಾರಿಯನ್ನು ಬೆರಳಿನಿಂದ ಹಿಂಬಾಲಿಸಿದೆ. ಮಾವನ ದನಿ ಇಳಿದಿತ್ತು.

"ಇದನ್ನ ಮೊದಲು ಯೋಚಿಸಿದೋರು ಯಾರೋ. ಅವರ ಹೆಸರೂ ನಮಗೆ ಗೊತ್ತಿಲ್ಲ. ಯಾವುದೋ ಮೇಜಿನ ಮುಂದೆ ಕೂತು, ಇನ್ನೂ ಹುಟ್ಟಿರದ ಗಾಡೀಲಿ ಎಣ್ಣೆ ಎಲ್ಲಿ ತಿರುಗಬೇಕು ಅಂತ ಬರೆದಿದಾರೆ. ಅಂಥದ್ದನ್ನ ನಾನು ಎರಡು ನಿಮಿಷದಲ್ಲಿ ಸತ್ತೋಯ್ತು ಅಂದೆನಲ್ಲ."

ಹನ್ನೊಂದನೇ ತಿಂಗಳಿಗೆ ಸವೆದ ತಟ್ಟೆಗಳನ್ನೂ ಒಣಗಿದ ರಬ್ಬರ್ ಉಂಗುರಗಳನ್ನೂ ಬದಲಿಸಿ ಎಲ್ಲವನ್ನೂ ಮತ್ತೆ ಜೋಡಿಸಿದ. ಹೊದಿಕೆಯ ಮೇಲೆ ಬರೀ ಗೆರೆಗಳು ಉಳಿದವು. ಆದರೆ ಬದುಕಿದೆಯೋ ಇಲ್ಲವೋ ಎಂದು ನೋಡಲು ಅದಕ್ಕೆ ಕಾರಿರಲಿಲ್ಲ. ಮಾವ ಟಯರಿಗೆ ಗಾಳಿ ತುಂಬುವ ಪೈಪನ್ನು ಕೆಳಗಿನಿಂದ ಕಿಟಕಿಯಲ್ಲಿ ಎಳೆದುಕೊಂಡ. ಎಣ್ಣೆ ಹೋಗಬೇಕಾದ ತೂತಿಗೆ ಗಾಳಿ ಕೊಟ್ಟರೆ ಗೇರು ಹಿಡಿಯುವ ಒಳಗಿನ ತಟ್ಟೆಗಳು ಒಂದಕ್ಕೊಂದು ಕಚ್ಚಿಕೊಳ್ಳಬೇಕು. ಮೊದಲ ತೂತಿಗೆ ಪೈಪಿನ ಬಾಯಿ ಹಚ್ಚಿ ಒತ್ತಿದ.

ಒಳಗಿನಿಂದ "ಠಪ್" ಎಂದಿತು.

ಎರಡನೇ ತೂತು. ಠಪ್. ಮೂರನೆಯದು. ಠಪ್. ಹನ್ನೊಂದು ತಿಂಗಳು ನೆಲದ ಮೇಲೆ ಸಾಮಾನಾಗಿ ಬಿದ್ದಿದ್ದ ಕಬ್ಬಿಣ ಕರೆದರೆ ಓಗೊಡುತ್ತಿತ್ತು. ಅತ್ತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮಾವ ಎದ್ದು ಅದರ ಮೇಲೆ ಅಂಗೈಯಿಟ್ಟು, ಜ್ವರ ಬಿಟ್ಟ ಮಗುವಿನ ಹಣೆ ಮುಟ್ಟುವಂತೆ ಮುಟ್ಟಿದ.

ಅದರ ಮುಂದಿನ ವರ್ಷಗಳಲ್ಲಿ ಕ್ಲಚ್ಚಿಲ್ಲದ ಕಾರುಗಳು ಹೆಚ್ಚಿದವು, ಅವುಗಳಿಗೆ ಕಂಪ್ಯೂಟರ್ ಬಂತು, ಪೇಟೆಯಲ್ಲಿ ಗಾಜಿನ ಬಾಗಿಲಿನ ದೊಡ್ಡ ವರ್ಕ್‌ಶಾಪುಗಳು ಬಂದವು. ಆ ಕಂಪ್ಯೂಟರಿನ ದೂರು ಓದಿ ಹೇಳುವ ಸ್ಕ್ಯಾನರ್ ಒಂದನ್ನು ಮಾವನೂ ಕೊಂಡ. ಆದರೆ ಅದರ ಮಾತಿಗೆ ಅರ್ಧವೇ ಬೆಲೆ ಕೊಡುತ್ತಿದ್ದ. "ಎಲ್ಲಿ ನೋಯ್ತಿದೆ ಅಂತ ಅದು ಹೇಳುತ್ತೆ. ಯಾಕೆ ಅಂತ ನಾವು ಕೇಳ್ಬೇಕು."

ನಾನು ಆ ಹೊತ್ತಿಗೆ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ರಜೆಗೆ ಬಂದಿದ್ದ ಒಂದು ಬೆಳಿಗ್ಗೆ ಹೆರಿಗೆ ನರ್ಸಮ್ಮ ಕಾರು ತಂದರು. ಮೂವತ್ತು ವರ್ಷದಿಂದ ಗುಡ್ಡದ ಮೇಲಿನ ಮನೆಗಳಿಗೆ ಹೋಗಿ ಹೆರಿಗೆ ಮಾಡಿಸುವವರು. ಮುಖದಲ್ಲಿ ನಿದ್ದೆಗೆಟ್ಟ ದಣಿವು.

"ಮೂರು ವರ್ಕ್‌ಶಾಪ್ ಆಯ್ತು ಮೇಸ್ತ್ರೀ. ಒಬ್ಬರು ವೇಗ ಅಳೆಯೋ ಸೆನ್ಸಾರ್ ಬದಲಾಯಿಸಿದ್ರು, ಕಾಯಿಲೆ ಹೋಗ್ಲಿಲ್ಲ. ಉಳಿದವರು ಗೇರ್‌ಬಾಕ್ಸೇ ತೆಗೆದುಹಾಕಿ ಅಂತಾರೆ. ನೀವೂ ಅದನ್ನೇ ಹೇಳೋದಾದ್ರೆ ಈಗ್ಲೇ ಹೇಳ್ಬಿಡಿ."

"ತಡೀರಿ" ಅಂದ ಮಾವ. ಒಂದು ಸ್ಟೂಲು ಒರೆಸಿ ಅವರಿಗೆ ಹಾಕಿದ. "ಮೊದಲು ಕೂತ್ಕೊಳ್ಳಿ. ಏನಾಗುತ್ತೆ, ಯಾವಾಗ ಆಗುತ್ತೆ, ನಿಧಾನವಾಗಿ ಹೇಳಿ."

"ಏರು ಹತ್ತುವಾಗ ಮಾತ್ರ. ಧಡ್ ಅಂತ ಒಂದು ಏಟು. ಆಮೇಲೆ ಗಾಡಿ ಮೂರನೇ ಗೇರಿಗೆ ಕಚ್ಕೊಂಡುಬಿಡುತ್ತೆ. ನಿಲ್ಲಿಸಿ, ಕೀ ತಿರುಗಿಸಿ ಆರಿಸಿ, ಮತ್ತೆ ಹಚ್ಚಿದ್ರೆ ಸರಿ. ಮುಂದಿನ ಏರಲ್ಲಿ ಮತ್ತೆ ಅದೇ ಕಥೆ. ವರ್ಕ್‌ಶಾಪಿನ ನೆಲದ ಮೇಲೆ ಮಾತ್ರ ಸಾಧು."

ಮಾವ ಕಾರನ್ನು ಸಮ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಕಾಯುವವರೆಗೆ ಓಡಲು ಬಿಟ್ಟ. ಅದು ಓಡುತ್ತಿರುವಾಗಲೇ ಗೇರ್ ಎಣ್ಣೆಯ ಮಟ್ಟ ನೋಡುವ ಕಡ್ಡಿ ಎಳೆದು ಬಿಳಿ ಕಾಗದದ ಮೇಲೆ ಒಂದು ತೊಟ್ಟು ಬಿಟ್ಟ. ಮೂಸಿ ನೋಡಿದ. ನನಗೂ ಮೂಸಲು ಕೊಟ್ಟ. ಕೆಂಪಗೆ, ಶುದ್ಧವಾಗಿತ್ತು. ಸುಟ್ಟ ವಾಸನೆಯಿಲ್ಲ, ಲೋಹದ ಮಿನುಗಿಲ್ಲ.

"ಒಳಗಡೆ ಸುಟ್ಟಿದ್ರೆ ಎಣ್ಣೆ ಬಚ್ಚಿಡಲ್ಲ. ಇದು ಸುಳ್ಳು ಹೇಳೋ ಜಾತಿ ಅಲ್ಲ" ಎಂದ. "ನಡೀರಿ ನರ್ಸಮ್ಮ, ಏರಿಗೆ ಹೋಗೋಣ. ನೀವೇ ಓಡಿಸ್ಬೇಕು. ಕಾಯಿಲೆ ನಿಮ್ಮ ಕಾಲಿಗೆ ಬರ್ತಿದೆ, ನನ್ನ ಕಾಲಿಗೆ ಬರುತ್ತೋ ಇಲ್ವೋ."

ಅವನು ಪಕ್ಕದಲ್ಲಿ, ನಾನು ಹಿಂದೆ. ಏರು ಕಡಿದಾಗುತ್ತಿದ್ದಂತೆ ನರ್ಸಮ್ಮ ಒತ್ತಿದರು. ಧಡ್! ಕಾರು ಗೊಣಗುತ್ತ ಮೂರನೇ ಗೇರಿನಲ್ಲಿ ತೆವಳತೊಡಗಿತು. ಮಾವ ಕಣ್ಣು ಮುಚ್ಚಿಕೊಂಡಿದ್ದ. "ಏಟು ಮೊದಲು, ಗೇರು ಆಮೇಲೆ" ಎಂದ. "ಗೇರ್‌ಬಾಕ್ಸ್ ಕೆಟ್ಟಿದ್ರೆ ಎರಡೂ ಒಟ್ಟಿಗೇ ಆಗ್ಬೇಕಿತ್ತು."

ಗ್ಯಾರೇಜಿಗೆ ಮರಳಿ ಬಾನೆಟ್ ಎತ್ತಿದ. ಚಕ್ರಗಳಿಗೆ ಕಲ್ಲು ಅಡ್ಡ ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆಸಿದ. "ಬ್ರೇಕ್ ಗಟ್ಟಿಯಾಗಿ ತುಳೀರಿ. ಡ್ರೈವಿಗೆ ಹಾಕಿ ಸ್ವಲ್ಪವೇ ಒತ್ತಿ. ನಾಲ್ಕು ಎಣಿಸಿ ಬಿಟ್ಬಿಡಿ, ಜಾಸ್ತಿ ಬೇಡ, ಎಣ್ಣೆ ಕಾಯುತ್ತೆ." ನಾವಿಬ್ಬರೂ ಪಕ್ಕದಲ್ಲಿ ನಿಂತು ನೋಡಿದೆವು. ನರ್ಸಮ್ಮ ಒತ್ತಿದರು. ಇಡೀ ಎಂಜಿನ್, ಮಲಗಿದ ಎಮ್ಮೆ ಮಗ್ಗುಲು ಬದಲಿಸಿದಂತೆ, ಗೇಣುದ್ದ ಎದ್ದು ಧಡ್ ಎಂದು ಬಿತ್ತು.

ಎಂಜಿನ್ನನ್ನು ಹಿಡಿದುಕೂರಿಸುವ ರಬ್ಬರಿನ ಮೌಂಟಿಂಗ್ ಒಳಗೇ ಹರಿದು ಎರಡಾಗಿತ್ತು. ಸಮ ನೆಲದಲ್ಲಿ ಅದು ಗೊತ್ತಾಗದು. ಏರಿನಲ್ಲಿ ಎಂಜಿನ್ ಎದ್ದಾಗಲೆಲ್ಲ ಗೇರ್‌ಬಾಕ್ಸಿಗೆ ಹೋಗುವ ವೈರನ್ನು ಜಗ್ಗುತ್ತಿತ್ತು. ಮಾವ ಆ ವೈರನ್ನು ಬೆರಳ ತುದಿಯಲ್ಲಿ ಅಂಗುಲ ಅಂಗುಲವಾಗಿ ಸವರುತ್ತ ಹೋಗಿ ಒಂದು ಕಡೆ ನಿಂತ. ಹೊರಗಿನ ಪ್ಲಾಸ್ಟಿಕ್ ಗಟ್ಟಿಯಾಗಿತ್ತು. ಒಳಗಿನ ತಾಮ್ರ ಮಾತ್ರ ತುಂಡಾಗಿತ್ತು. ಜಗ್ಗಿದ ಕ್ಷಣ ವೇಗದ ಸುದ್ದಿ ಕಂಪ್ಯೂಟರಿಗೆ ಹೋಗದು. ಅದು ಹೆದರಿ, ಪೆಟ್ಟಾಗದಿರಲಿ ಎಂದು ಮೂರನೇ ಗೇರಿನಲ್ಲಿ ಬೀಗ ಹಾಕಿಕೊಳ್ಳುತ್ತದೆ. ಹೊಸ ಸೆನ್ಸಾರ್ ಹಾಕಿದರೂ ವೈರು ಹಳೆಯದೇ ಆಗಿದ್ದರಿಂದ ಏನೂ ಬದಲಾಗಲಿಲ್ಲ.

"ಎತ್ತಿಗೆ ಜ್ವರ, ಎಮ್ಮೆಗೆ ಬರೆ" ಎಂದರು ನರ್ಸಮ್ಮ.

"ಬೈಬೇಡಿ ಅವರನ್ನ" ಅಂದ ಮಾವ. "ನಾನು ಇದಕ್ಕಿಂತ ದೊಡ್ಡ ಬರೆ ಹಾಕಿದೀನಿ."

ಎರಡು ದಿನದಲ್ಲಿ ಮೌಂಟಿಂಗ್ ಬಂತು, ವೈರು ಕೂಡಿತು. ಮತ್ತೆ ಅದೇ ಏರು, ಅದೇ ಮೂವರು. "ಗೇರು ಬದಲಾದಾಗ ಎಣಿಸ್ಕೊಳ್ಳಿ" ಎಂದು ಮಾವ ಹೇಳಿದ. ನಾನು ಕಿವಿಗೊಟ್ಟು ಕುಳಿತೆ. ಕಾರು ಏರಿತು, ತಿರುವಿನಲ್ಲಿ ತಾನೇ ಒಂದು ಗೇರು ಇಳಿಸಿ ಮತ್ತೆ ಏರಿತು. ಯಾವಾಗ ಇಳಿಸಿತು, ಯಾವಾಗ ಏರಿಸಿತು, ನನಗೆ ತಿಳಿಯಲಿಲ್ಲ. ತುದಿಗೆ ಬಂದಾಗ ನನ್ನ ಎಣಿಕೆ ಸೊನ್ನೆಯಲ್ಲೇ ಇತ್ತು. ನರ್ಸಮ್ಮನ ಕೈ ರೂಢಿಯಂತೆ ಕೀ ಕಡೆ ಹೋಗಿ ಅಲ್ಲೇ ನಿಂತಿತು.

"ಮೂರು ತಿಂಗಳಿಂದ ಈ ಏರನ್ನ ಉಸಿರು ಬಿಗಿಹಿಡಿದೇ ಹತ್ತಿದೀನಿ" ಎಂದರು. "ಮೇಲೆ ಒಬ್ಬಳು ನೋವು ತಿಂತಿರ್ತಾಳೆ, ಕೆಳಗೆ ನಾನು ಕೀ ತಿರುಗಿಸ್ತಾ ಕೂತಿರ್ತಿದ್ದೆ."

ಮಾವ ಇಳಿದು ರಸ್ತೆ ಬದಿಯ ಕಲ್ಲುಕಟ್ಟೆಯ ಮೇಲೆ ಕುಳಿತ. ನರ್ಸಮ್ಮನೂ ಬಂದು ಕುಳಿತರು. ಮಾವ ಕೇಳಿದ:

"ನರ್ಸಮ್ಮ, ಒಂದು ಮಾತು. ಹೊಟ್ಟೇಲಿರೋ ಮಗು ಕೊನೇ ತಿಂಗಳಲ್ಲಿ ತಲೆ ಕೆಳಗೆ ಮಾಡ್ಕೊಳ್ಳುತ್ತಂತಲ್ಲ. ಹಾಗೆ ತಿರುಗಬೇಕು ಅಂತ ಅದಕ್ಕೆ ಯಾರು ಹೇಳ್ತಾರೆ?"

ಅವರು ಜೋರಾಗಿ ನಕ್ಕರು. "ಪುಸ್ತಕದಲ್ಲಿ ಏನೇನೋ ಬರೆದಿದಾರೆ. ಮೂವತ್ತು ವರ್ಷದಿಂದ ಮುಟ್ಟಿ ನೋಡ್ತಿದೀನಿ ಮೇಸ್ತ್ರೀ, ನನಗಂತೂ ಇವತ್ತಿಗೂ ಆಶ್ಚರ್ಯವೇ."

"ಮುಟ್ಟಿ ಹೇಗೆ ಗೊತ್ತಾಗುತ್ತೆ?"

ನರ್ಸಮ್ಮ ತಮ್ಮೆರಡು ಅಂಗೈಗಳನ್ನು ಗಾಳಿಯಲ್ಲಿ ಗುಂಡಗೆ ಹಿಡಿದು ತೋರಿಸಿದರು. ಇಲ್ಲಿ ಗಟ್ಟಿಯಾಗಿ, ದುಂಡಗೆ ಸಿಕ್ಕರೆ ತಲೆ, ಅದನ್ನು ಮೆಲ್ಲಗೆ ತಟ್ಟಿದರೆ ಅದೊಂದೇ ಅಲುಗುತ್ತದೆ. ಮೆತ್ತಗಿದ್ದು ಇಡೀ ಮೈಯೊಂದಿಗೆ ಅಲುಗಿದರೆ ಅದು ಕುಂಡೆ. ಈ ಬದಿಯಲ್ಲಿ ಉದ್ದಕ್ಕೆ ನಯವಾಗಿದ್ದರೆ ಬೆನ್ನು, ಆ ಬದಿಯಲ್ಲಿ ಗಂಟುಗಂಟಾಗಿ ಒದ್ದರೆ ಕೈಕಾಲು. ಮಾವ ತನ್ನ ಎಣ್ಣೆ ಹತ್ತಿದ ಕೈಗಳನ್ನೂ ಹಾಗೇ ಗುಂಡಗೆ ಹಿಡಿದ. ಇನ್ನೂ ಕಲಿಯಬೇಕಾದ್ದು ಎಷ್ಟಿದೆ ಎಂಬ ಬೆರಗು ಅವನ ಕಣ್ಣಿನಲ್ಲಿತ್ತು.

"ಅಷ್ಟು ಗಟ್ಟಿಯಾಗಿ ಒತ್ತಬೇಡಿ" ಎಂದು ನರ್ಸಮ್ಮ ಅವನ ಬೆರಳುಗಳನ್ನು ಸಡಿಲಿಸಿದರು. "ಕೈ ಹಗುರವಾಗಿರಲಿ. ಅದು ತಾನಾಗೇ ಬಂದು ತಾಗುತ್ತೆ."